ಅಂಗಡಿಕಾರ ಕೇಳುವ ಕ್ಷೇಮ

"ಆರಾಮ ಇದ್ದೀರೇನ್ರಿ?" ಅಂತ ಕೇಳಲಿಕ್ಕೆ ರೊಕ್ಕ ಬೀಳುವುದಿಲ್ಲ. ಇಪ್ಪತ್ತೆರಡು ವರ್ಷ ಕಿರಾಣಿ ಅಂಗಡಿಯ ಗಲ್ಲೆಯ ಹಿಂದೆ ಕುಂತು ಬಂದವರಿಗೆಲ್ಲ ಇದೇ ಮಾತು ಕೇಳುತ್ತ ಬಂದೆ. ಈಚೆಗೆ ಒಂದು ಸಂಶಯ ಹತ್ತಿದೆ. ನಾನು ಕೇಳುತ್ತಿದ್ದದ್ದು ಅವರ ಕ್ಷೇಮವೋ, ನನ್ನ ವ್ಯಾಪಾರವೋ? ವಾಚನಾಲಯದ ಹುಡುಗರು ಬಂದು "ಮಾಮಾ, ಈ ಸಲ ಪುಸ್ತಕಕ್ಕ ನೀವೂ ಏನರ ಬರೀರಿ" ಅಂದಾಗ ಇದನ್ನು ಬಿಟ್ಟು ಬೇರೆ ಏನೂ ಹೊಳೆಯಲಿಲ್ಲ. ನಾನು ಕಲಿತದ್ದು ಊರ ಕನ್ನಡ ಶಾಲೆಯಲ್ಲಿ ಏಳನೆಯ ತನಕ, ಮುಂದೆ ಜತ್ತದಲ್ಲಿ ಹತ್ತನೆಯ ತನಕ. ತಪ್ಪು ಕಂಡಲ್ಲಿ ಗುರುಗಳು ತಿದ್ದಿಕೊಂಡು ಓದಬೇಕು.

ನಾನು ಅಂಗಡಿ ಹಾಕಿದಾಗ ಊರಲ್ಲಿ ಎರಡೇ ಅಂಗಡಿ. ಈಗ ಐದು. ಮ್ಯಾಲೆ ವಾರದ ಸಂತಿ, ಗಾಡಿಯ ಮ್ಯಾಲೆ ಮಾಲು ತಂದು ಓಣಿ ಓಣಿ ಕೂಗುವವರು, ಮೊಬೈಲಿನಲ್ಲಿ ಒತ್ತಿದರೆ ಮನೆಗೆ ಬರುವ ಪಾರ್ಸಲ್ಲು. ಸಾಬೂನಿನ ಮ್ಯಾಲೆ, ಚಹಾಪುಡಿ ಪೊಟ್ಟಣದ ಮ್ಯಾಲೆ ಬೆಲೆ ಅಚ್ಚಾಗಿಯೇ ಬರುತ್ತದೆ. ಎಲ್ಲರ ಹತ್ತಿರವೂ ಅದೇ ಮಾಲು, ಅದೇ ಭಾವ. ಹಾಗಿದ್ದ ಮೇಲೆ ಗಿರಾಕಿ ನಾಲ್ಕು ಹೆಜ್ಜೆ ಹೆಚ್ಚಿಗೆ ನಡೆದು ನನ್ನ ಅಂಗಡಿಗೇ ಯಾಕೆ ಬರಬೇಕು?

ಸೊಲ್ಲಾಪುರದಲ್ಲಿ ದೊಡ್ಡ ದುಕಾನಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಒಂದು ದೀಪಾವಳಿಗೆ ಬಂದಾಗ ಇದಕ್ಕೆ ಉತ್ತರ ಹೇಳಿದ. "ಮಾಮಾ, ಪೇಪರಿನ್ಯಾಗ ಜಾಹೀರಾತು ಕೊಡೋವಷ್ಟು ರೊಕ್ಕ ನಿಮ್ಮ ಹಂತೇಕ ಇಲ್ಲ. ಬೇಕಾಗೂ ಇಲ್ಲ. ದಿನಾ ಮಾಡೋ ನಾಕು ರೂಢಿ ಹಾಕ್ಕೊಳ್ರಿ, ಸಾಕು" ಅಂದ. ಹುಡುಗ ಹೇಳಿದ್ದು ಎಲ್ಲ ಖರ್ಚಿಲ್ಲದ್ದೇ. ಬೆಳಿಗ್ಗೆ ಆರು ಗಂಟೆ ಅಂದರೆ ಆರು ಗಂಟೆಗೆ ಬಾಗಿಲು ತೆರೆಯುವುದು, ಮಳೆ ಇರಲಿ ಮದುವೆ ಇರಲಿ. ಸಕ್ಕರೆ, ಎಣ್ಣೆ, ತೊಗರಿಬೇಳೆಯ ಇವತ್ತಿನ ಭಾವ ಪಾಟಿಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಹೊರಗೆ ಇಡುವುದು. ಕೇಳಿದ ಮಾಲು ಇಲ್ಲದಿದ್ದರೆ ಬರೇ "ಇಲ್ಲ" ಅನ್ನದೆ, ಯಾವತ್ತು ಬರುತ್ತದೆ ಅಂತ ಹೇಳಿ ಆ ದಿನ ತರಿಸಿಯೇ ಇಡುವುದು. ಹೊಸ ಬೆಲ್ಲ ಬಂದರೆ ಒಂದು ಚೂರು ಮುರಿದು ಬಾಯಿಗೆ ಕೊಡುವುದು. ಹಳೆಯ ಮಾಲನ್ನು ಹಳೆಯದು ಅಂತ ಹೇಳಿಯೇ ಮಾರುವುದು.

ಅಂಗಡಿಯ ಫಲಕದ ಮಾತೂ ಬಂತು. ಮಹಾರಾಷ್ಟ್ರದಲ್ಲಿ 2022ರಲ್ಲಿ ಕಾನೂನು ತಿದ್ದಿ, ಹತ್ತಕ್ಕಿಂತ ಕಡಿಮೆ ಆಳು ಇರುವ ಸಣ್ಣ ಅಂಗಡಿಗೂ ಫಲಕ ಮರಾಠಿಯಲ್ಲಿ, ದೇವನಾಗರಿ ಅಕ್ಷರದಲ್ಲಿ ಇರಬೇಕು, ಬೇರೆ ಭಾಷೆಯ ಅಕ್ಷರ ಅದಕ್ಕಿಂತ ದೊಡ್ಡದಾಗಬಾರದು ಅಂತ ಮಾಡಿದರು. ನಾನು ಮ್ಯಾಲೆ ಮರಾಠಿ, ಕೆಳಗೆ ಅಷ್ಟೇ ಅಳತೆಯ ಕನ್ನಡ ಬರೆಸಿದೆ. ಓದು ಬಾರದ ಮುದುಕಿಯರು ಕೂಡ ಕನ್ನಡದ ಸಾಲನ್ನು ಕೈಯಿಂದ ಸವರಿ "ನಮ್ಮ ಅಕ್ಷರ" ಅಂದರು. ಎರಡು ಕೋಲು ಬಣ್ಣದ ಖರ್ಚು, ಅಷ್ಟೇ. ಆದರೆ ಇದು ನನ್ನ ವಿಷಯವಲ್ಲ, ಮುಂದೆ ಹೋಗುತ್ತೇನೆ.

ಅಳಿಯ ಕಡೆಗೆ ಹೇಳಿದ್ದೇ ಮುಖ್ಯದ್ದು. "ಒಂದು ವಹಿ ಇಡ್ರಿ. ಉದ್ರಿ ವಹಿ ಅಲ್ಲ. ಗಿರಾಕಿ ಹೆಸರು, ಅವರ ಮನಿಯಾಗ ಯಾರ್‍ಯಾರ ಅದಾರ, ಯಾರಿಗೆ ಸಕ್ಕರಿ ಬ್ಯಾನಿ ಐತಿ, ಯಾರ ಮಗಳು ಹಡಿಯಾಕ ತವರಿಗೆ ಬಂದಾಳ, ಎಲ್ಲಾ ಬರ್ಕೊಳ್ರಿ. ಮುಂದಿನ ಸಲ ಬಂದಾಗ ಕೇಳ್ರಿ. ಮಂದಿ ಭಾವ ಮರೀತಾರ, ಕೇಳಿದ್ದು ಮರಿಯೂದಿಲ್ಲ."

ವಹಿ ಇಟ್ಟೆ. ಮಾತು ಖರೇ ಆಯಿತು. ನಮ್ಮ ಕಡೆಯ ಎಷ್ಟೋ ಮನೆಯವರು ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲಿಕ್ಕೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕರು, ಶಾಲೆಗೆ ಹೋಗುವ ಮಕ್ಕಳು ಉಳಿಯುತ್ತಾರೆ. ಆ ಮುದುಕರಿಗೆ "ಮಗನ ಫೋನ್ ಬಂದಿತ್ತೇನವ್ವಾ?" ಅಂತ ನಾನು ಕೇಳುತ್ತಿದ್ದೆ. ಗುಳೆ ಹೋದವರು ತಿರುಗಿ ಬಂದಾಗ ಮೊದಲು ನನ್ನ ಉದ್ರಿ ತೀರಿಸಿ, ಆಮೇಲೆ ಬೇರೆ ಕಡೆ ಹೋಗುತ್ತಿದ್ದರು. ಹೊಸ ಅಂಗಡಿಗಳು ಬಂದರೂ ನನ್ನ ಗಿರಾಕಿ ಕಡಿಮೆಯಾಗಲಿಲ್ಲ. ಸತ್ತ ಮನೆಗೆ ಚಹಾಪುಡಿ, ಸಕ್ಕರೆ ತಗೊಂಡು ಹೋಗಿ ಕುಂತು ಬರುವ ರೂಢಿಯನ್ನೂ ಹಾಕಿಕೊಂಡೆ.

ಈಗ ಬರೆಯಬೇಕಾದದ್ದು ಬರೆಯುತ್ತೇನೆ.

ನಮ್ಮ ಓಣಿಯ ಕೊನೆಯ ಮನೆ ಬಡಿಗೇರ ಕಾಕಾನದು. ನನ್ನ ಬೆನ್ನಿನ ಹಿಂದೆ ಇರುವ ಕಟ್ಟಿಗೆಯ ಮಾಡುಗಳನ್ನೆಲ್ಲ ಮಾಡಿಕೊಟ್ಟವನು ಅವನೇ. ನಾನು ಅಂಗಡಿ ಹಾಕಿದ ಹೊಸದರಲ್ಲಿ ಕೈಯಲ್ಲಿ ರೊಕ್ಕವಿರಲಿಲ್ಲ. "ನಡೀಲಿ, ಅಂಗಡಿ ಎದ್ದು ನಿಂದರಲಿ, ಆಮ್ಯಾಲ ಕೊಡು" ಅಂತ ಎಂಟು ತಿಂಗಳು ತಡೆದಿದ್ದ. ಮುಂದೆ ಎಷ್ಟೋ ವರ್ಷಕ್ಕೆ ಮುನ್ನೂರ ನಲವತ್ತು ರೂಪಾಯಿ ಉದ್ರಿಯ ಲೆಕ್ಕದಲ್ಲಿ ನಮ್ಮಿಬ್ಬರಿಗೂ ಮಾತಾಯಿತು. ಅವನು ಕೊಟ್ಟೆ ಅಂದ, ವಹಿಯಲ್ಲಿ ಜಮಾ ಇರಲಿಲ್ಲ. ತಪ್ಪು ಯಾರದು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅವನು ರೊಕ್ಕ ಎಣಿಸಿ ಗಲ್ಲೆಯ ಮೇಲೆ ಇಟ್ಟು ಹೋದ, ಮರುದಿನದಿಂದ ಬೇರೆ ಅಂಗಡಿ ಹಿಡಿದ. ಅಳಿಯ ಹೇಳಿದ ವಹಿಯಲ್ಲಿ ಅವನ ಹೆಸರಿನ ಮೇಲೆ ನಾನು ಗೀಟು ಎಳೆದೆ.

ಎರಡು ವರ್ಷದ ಹಿಂದೆ ಕಾಕಾನ ಹೆಂಡತಿ ತೀರಿಕೊಂಡಳು. ಅಂಗಡಿಯ ಮುಂದೆಯೇ ಹೆಣ ಹೋಯಿತು. ಊರ ರೂಢಿಯಂತೆ ಅರ್ಧ ಬಾಗಿಲು ಹಾಕಿ ಎದ್ದು ನಿಂತೆ, ಹೋದ ಮೇಲೆ ಬಾಗಿಲು ತೆರೆದು ಯಾರಿಗೋ ಅಕ್ಕಿ ತೂಗಿದೆ. ಅದೇ ವಾರ ಏಳು ಕಿಲೋಮೀಟರ್ ಆಚೆಯ ತೋಟದ ವಸ್ತಿಯಲ್ಲಿ ಒಬ್ಬ ದೊಡ್ಡ ಗಿರಾಕಿಯ ತಾಯಿ ಸತ್ತಳು. ಆ ಮುದುಕಿಯ ಮುಖ ನಾನು ಒಮ್ಮೆಯೂ ನೋಡಿರಲಿಲ್ಲ. ಗಾಡಿ ಹತ್ತಿ ಹೋದೆ, ಸಕ್ಕರೆ ಪೊಟ್ಟಣ ಕೊಟ್ಟೆ, ಅರ್ಧ ತಾಸು ಕುಂತು ಬಂದೆ. ರಾತ್ರಿ ರೊಟ್ಟಿ ಹಾಕುತ್ತ ಮನೆಯಾಕೆ ಕೇಳಿದಳು: "ಅಷ್ಟು ದೂರ ಹೋಗಿ ಬಂದ್ರಿ. ಓಣಿ ತುದಿಗೆ ಯಾಕ ಹೋಗಲಿಲ್ಲ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು: "ಅವರು ನಮ್ಮಲ್ಲಿ ತಗೊಳ್ಳೂದಿಲ್ಲ." ಹೇಳಲಿಕ್ಕೆ ಬಾಯಿ ಬರಲಿಲ್ಲ. ಹೇಳಿದ್ದರೆ ಅಷ್ಟು ವರ್ಷ ನಾನು ಕೇಳಿದ ಕ್ಷೇಮಕ್ಕೆಲ್ಲ ಒಂದೇ ಸಲ ಬೆಲೆ ಚೀಟಿ ಅಂಟಿಸಿದಂತೆ ಆಗುತ್ತಿತ್ತು.

ಇದನ್ನು ನಾನು ನಮ್ಮ ಶಾಲೆಯ ಗುರುಗಳ ಮುಂದೆ ಹೇಳಿದೆ. ಅವರು ನಕ್ಕು, "ನಿನ್ನ ಹಂಗ ಒಬ್ಬ ಅಂಗಡಿಕಾರನ ಬಗ್ಗೆ ಜರ್ಮನ್ ದೇಶದ ತತ್ವಜ್ಞಾನಿ ಬರೆದಾನ" ಅಂದರು. ಅವನ ಹೆಸರು ಕಾಂಟ್. ಕುದುರೆಯ ಜೀನು-ಪಟ್ಟಿ ಹೊಲಿಯುವವನ ಮಗ. 1785ರಲ್ಲಿ ನೀತಿಯ ಬುಡ ಯಾವುದು ಅಂತ ಒಂದು ಪುಸ್ತಕ ಬರೆದ, ಅದರಲ್ಲಿ ಈ ಉದಾಹರಣೆ ಬರುತ್ತದೆಯಂತೆ. ಒಬ್ಬ ಅಂಗಡಿಕಾರ ಎಲ್ಲರಿಗೂ ಒಂದೇ ಭಾವ ಇಟ್ಟಿದ್ದಾನೆ. ಏನೂ ತಿಳಿಯದ ಸಣ್ಣ ಹುಡುಗ ಬಂದರೂ ಹೆಚ್ಚಿಗೆ ಕಸಿಯುವುದಿಲ್ಲ. ನೋಡಿದವರಿಗೆ ಅವನು ಪ್ರಾಮಾಣಿಕ. ಆದರೆ ಮೋಸ ಮಾಡಿದರೆ ಗಿರಾಕಿ ಹೋಗುತ್ತದೆ ಅನ್ನುವ ಲೆಕ್ಕದಿಂದ ಅವನು ಹಾಗೆ ನಡೆದಿದ್ದರೆ, ಆ ನಡತೆ ಸರಿಯಾದದ್ದೇ ಹೊರತು ಅದರಲ್ಲಿ ನೀತಿಯ ಸತ್ವವಿಲ್ಲ ಅನ್ನುತ್ತಾನೆ ಕಾಂಟ್. ಮಾಡಬೇಕಾದದ್ದು ಅಂತಲೇ ಮಾಡಿದಾಗ ಮಾತ್ರ ಅದಕ್ಕೆ ಆ ಸತ್ವ.

ಆ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾಂಟ್ ಹೇಳಿದ್ದು ಪೂರಾ ಒಪ್ಪಲಿಕ್ಕೂ ಆಗಲಿಲ್ಲ, ಬಿಡಲಿಕ್ಕೂ ಆಗಲಿಲ್ಲ. ತಾಯಿ ಕಳಿಸಿದ ಸಣ್ಣ ಹುಡುಗನಿಗೆ ನಾನು ಸರಿಯಾಗಿ ತೂಗಿ, ಸರಿಯಾದ ಚಿಲ್ಲರೆ ಕೊಟ್ಟರೆ ಅವನಿಗೆ ಅಷ್ಟು ಸಾಕು. ನಾನು ದೇವರಿಗೆ ಅಂಜಿ ಕೊಟ್ಟೆನೋ, ಎದುರಿನ ಅಂಗಡಿಗೆ ಅಂಜಿ ಕೊಟ್ಟೆನೋ, ಅವನ ಚೀಲದಲ್ಲಿ ಬಿದ್ದ ಸಕ್ಕರೆ ಒಂದೇ ಕಿಲೋ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುವುದೂ ಹಾಗೇ. ಭಾವ ಬರೆದ ಪಾಟಿಯೂ ಹಾಗೇ. ಅಲ್ಲಿ ನನ್ನ ಮನಸ್ಸು ಹೇಗಿದ್ದರೂ ಗಿರಾಕಿಗೆ ಏನೂ ಕಡಿಮೆಯಾಗುವುದಿಲ್ಲ. ಇಂಥ ರೂಢಿಗಳನ್ನು ಲಾಭಕ್ಕಾಗಿ ಹಾಕಿಕೊಂಡರೆ ನಾಚಿಕೆಪಡುವಂಥದ್ದು ಏನೂ ಇಲ್ಲ ಅಂತ ನನಗೆ ಅನಿಸುತ್ತದೆ. ನಾನು ಸಣ್ಣ ವ್ಯಾಪಾರ ಮಾಡುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಮಾಡಿರಿ.

ಆದರೆ ಸತ್ತ ಮನೆಗೆ ಹೋಗಿ ಕುಂತಾಗ ನಾನು ಕೊಟ್ಟದ್ದು ಏನು? ಸಕ್ಕರೆ ಪೊಟ್ಟಣ ಅಲ್ಲ. ಅದು ಅವರಿಗೆ ಯಾವ ಅಂಗಡಿಯಲ್ಲೂ ಸಿಗುತ್ತದೆ. "ನಿಮ್ಮ ದುಃಖ ನನಗೂ ತಟ್ಟಿದೆ" ಅನ್ನುವುದನ್ನು ಕೊಟ್ಟೆ. ಅಲ್ಲಿ ಮನಸ್ಸೇ ಮಾಲು. ಮನಸ್ಸು ಇರದೆ ಹೋಗಿದ್ದರೆ ನಾನು ಖಾಲಿ ಪೊಟ್ಟಣ ಕಟ್ಟಿ ಕೊಟ್ಟಂತೆ. ತೂಕದಲ್ಲಿ ಒಂದು ಗ್ರಾಂ ಹೊಡೆಯದ ನಾನು ಇಲ್ಲಿ ಪೂರಾ ತೂಕ ಹೊಡೆದಿದ್ದೆ. ಆ ಗಿರಾಕಿಗೆ ಅದು ಗೊತ್ತೂ ಆಗಲಿಲ್ಲ, "ಎಷ್ಟು ದೂರ ಬಂದ್ರಿ" ಅಂತ ಕೈ ಹಿಡಿದ. ಆ ಕೈಯ ನೆನಪೇ ನನ್ನನ್ನು ಹೆಚ್ಚಿಗೆ ಚುಚ್ಚುತ್ತದೆ.

ನಮ್ಮ ಶರಣರ ಕಥೆಯಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ದಿನದ ಅಳತೆಗಿಂತ ಹೆಚ್ಚಿಗೆ ತಂದ. ಲಕ್ಕಮ್ಮ ಅದನ್ನು ಒಲೆಯ ಮೇಲೆ ಇಡಲಿಲ್ಲ, ಇದು ಆಸೆ, ಎಲ್ಲಿಂದ ತಂದಿಯೋ ಅಲ್ಲಿಗೇ ಸುರಿದು ಬಾ ಅಂದಳು. ಅಕ್ಕಿ ಕದ್ದದ್ದಾಗಿರಲಿಲ್ಲ, ನೆಲದ ಮೇಲೆ ಬಿದ್ದದ್ದೇ. ಸಣ್ಣಂದಿನಿಂದ ಕೇಳಿದ ಕಥೆ, ಅವಳು ಜರಾ ಹೆಚ್ಚೇ ಬಿಗಿ ಅಂತ ನನಗೆ ಅನಿಸುತ್ತಿತ್ತು. ಈಗ ವಹಿ ತೆರೆದು ನೋಡಿದರೆ, ಯಾರ ಮಗಳ ಬಸಿರು, ಯಾರ ಮೊಣಕಾಲಿನ ನೋವು, ಯಾರ ಮಗ ಪರೀಕ್ಷೆಯಲ್ಲಿ ಬಿದ್ದದ್ದು, ಇದೆಲ್ಲ ಮಂದಿ ನನ್ನ ಅಂಗಳದಲ್ಲಿ ತಾವಾಗಿಯೇ ಚೆಲ್ಲಿ ಹೋದದ್ದು. ನಾನು ಆಯ್ದು, ಕಲ್ಲು ತೆಗೆದು, ತುಂಬಿ ಇಟ್ಟಿದ್ದೆ. ಬೇಯಿಸಿ ಉಣ್ಣಲಿಕ್ಕೆ.

ಇದನ್ನೆಲ್ಲ ಹೇಳಿ, "ಹಾಗಾದರ ಆ ವಹಿ ಒಲಿಗೆ ಹಾಕಿಬಿಡತೇನಿ" ಅಂತ ಮನೆಯಾಕೆಗೆ ಅಂದೆ. ಆಕೆ ಒಪ್ಪಲಿಲ್ಲ. ಆಕೆಯ ಮಾತು ಹೀಗೆ: "ಗುರುಗಳು ಪಗಾರ ತಗೊಂಡೇ ಕಲಿಸ್ತಾರ. ಹಂಗಂತ ಹುಡುಗರ ಮ್ಯಾಲಿನ ಮಾಯಾ ಸುಳ್ಳೇನು? ಕೆಳಗಿನ ಓಣಿ ಆಯಿ ಮೊಣಕಾಲ ಬ್ಯಾನಿ ನೀವು ಮೊದಲ ವಹಿ ನೋಡಿ ಕೇಳಿದ್ರಿ, ಖರೇ. ಈಗ ಎರಡು ದಿನ ಆಕಿ ಬರಲಿಲ್ಲಂದ್ರ ಹುಡುಗನ್ನ ಓಡಸ್ತೀರಿ. ಆಕಿ ತಗೊಳ್ಳೂದು ಹತ್ತು ರೂಪಾಯಿ ಎಲಿ-ಅಡಿಕಿ. ಅದು ಯಾವ ಲಾಭಕ್ಕ?"

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಕಾಂಟನ ಹತ್ತಿರ ಇದ್ದೀತು. ಸುಳ್ಳೇ ಕೇಳುತ್ತ ಕೇಳುತ್ತ ಒಂದು ದಿನ ಖರೇ ಕೇಳುವಂತಾಗುವುದೂ ಉಂಟು. ಮಡಿಕೆ ಮೊದಲು ಖಾಲಿಯೇ ಇರುತ್ತದೆ, ಆಮೇಲೆ ನೀರು ತುಂಬುತ್ತೇವೆ. ಆದರೆ ಪಗಾರದ ಮಾತಿಗೆ ಒಂದು ಸಂಗತಿ ಸೇರಿಸಬೇಕು. ಗುರುಗಳ ಪಗಾರ ಎಲ್ಲರಿಗೂ ಗೊತ್ತಿದ್ದದ್ದು, ಮುಚ್ಚುಮರೆಯಿಲ್ಲ. ಫೀ ಕೊಡದ ಹುಡುಗನ ಮುಖ ನೋಡದ ಗುರುವನ್ನು ನಾವು ಗುರು ಅನ್ನುವುದಿಲ್ಲ. ನನ್ನ ಹೆಸರಿನ ಯಾದಿ ಗೀಟು ಎಳೆದಲ್ಲಿಗೆ ನಿಂತಿತ್ತು. ಹಾಗಾದರೆ ಮಾಯೆ ಎಲ್ಲಿಯ ತನಕ ಹರಿಯಿತು ಅನ್ನುವುದು ಆಯಿಯ ಮೊಣಕಾಲಿನಿಂದ ತಿಳಿಯುವುದಿಲ್ಲ, ಬಡಿಗೇರ ಕಾಕಾನ ಬಾಗಿಲಿನಿಂದ ತಿಳಿಯಬೇಕು.

ವಹಿ ಸುಡಲಿಲ್ಲ. ಗೀಟು ಎಳೆದ ಹೆಸರುಗಳನ್ನು ಎಣಿಸಿದೆ, ಹನ್ನೊಂದು ಇದ್ದವು. ಇವತ್ತಿನ ತನಕ ಆರು ಮನೆಗೆ ಹೋಗಿ ಬಂದಿದ್ದೇನೆ. ಹೋಗುವಾಗ ಕೈಯಲ್ಲಿ ಪೊಟ್ಟಣ ಹಿಡಿಯುವುದಿಲ್ಲ, ಅಂಗಡಿಯ ಮಾತು ತೆಗೆಯುವುದಿಲ್ಲ. ಒಬ್ಬರು "ಏನ್ರಿ, ವ್ಯಾಪಾರ ಕಡಿಮಿ ಆತೇನು?" ಅಂತ ಕೇಳಿಯೇ ಬಿಟ್ಟರು. ಅವರ ತಪ್ಪಲ್ಲ.

ಕಾಕಾನ ಮನೆಗೆ ಹೋದದ್ದು ಎಲ್ಲಕ್ಕಿಂತ ಮೊದಲು, ಆದರೂ ಕಾಕು ತೀರಿ ಐದು ತಿಂಗಳಾದ ಮೇಲೆ. ಬಾಗಿಲ ಚೌಕಟ್ಟಿಗೆ ಉಳಿ ಹಚ್ಚುತ್ತ ಕುಂತಿದ್ದ. "ಬಾ" ಅಂದ, ಮಣೆ ಸರಿಸಿದ. ತಡವಾಯಿತು ಕಾಕಾ ಅಂದೆ. ಅವನು ಅದಕ್ಕೆ ಏನೂ ಅನ್ನಲಿಲ್ಲ, "ಆ ಮೂರನೇ ಮಾಡು ಜಗ್ಗೇತಿ ಅಂತ ಕೇಳಿದ್ನಿ, ಎಣ್ಣಿ ಡಬ್ಬಿ ಮ್ಯಾಲ ಇಡಬ್ಯಾಡ" ಅಂದ. ಸೊಸೆ ಚಹಾ ತಂದಳು. ಸಕ್ಕರೆ ಇವತ್ತಿಗೂ ಅವನು ಆ ಅಂಗಡಿಯಿಂದಲೇ ತರುತ್ತಾನೆ, ತರಲಿ. ದಿನಾ ಬೆಳಿಗ್ಗೆ ಆರು ಗಂಟೆಗೆ ನಾನು ಬಾಗಿಲು ತೆರೆಯುವ ಹೊತ್ತಿಗೆ ಬಾವಿಯ ಕಡೆ ಹೋಗುತ್ತ, ಕೈಚೀಲ ಇಲ್ಲದ ಎರಡೂ ಕೈ ಬೀಸುತ್ತ, ನಿಲ್ಲದೆಯೇ "ಆರಾಮೇನೋ?" ಅಂತ ಕೇಳಿ ಮುಂದೆ ಹೋಗುತ್ತಾನೆ.