ಗ್ರಂಥಸಂಗ್ರಹವೂ ಪರಿಗ್ರಹವೆ?

ಹೊನ್ನನ್ನು ಕೂಡಿಡುವವನನ್ನು ಲೋಕವು ಲೋಭಿಯೆಂದು ಹಳಿಯುವುದು. ದುರ್ಲಭ ಗ್ರಂಥಗಳನ್ನು ಕೂಡಿಡುವವನನ್ನು ಅದೇ ಲೋಕವು ರಸಿಕನೆಂದೂ ವಿದ್ಯಾಪ್ರಿಯನೆಂದೂ ಕೊಂಡಾಡುವುದು. ಕೂಡಿಟ್ಟ ವಸ್ತುವು ಶ್ರೇಷ್ಠವಾದ ಮಾತ್ರಕ್ಕೆ ಕೂಡಿಡುವ ಮನಸ್ಸೂ ಶ್ರೇಷ್ಠವಾಗುವುದೆ? ಅಪೂರ್ವ ಗ್ರಂಥಗಳನ್ನೂ ಮಿತಸಂಖ್ಯೆಯಲ್ಲಿ ಅಚ್ಚಾದ ಚಿತ್ರಗಳನ್ನೂ ಬಹು ಬೆಲೆ ತೆತ್ತು ಸಂಗ್ರಹಿಸುವ ಹವ್ಯಾಸವನ್ನು ಕುರಿತು ಸದ್ಭಕ್ತರಾದ ಗೃಹಸ್ಥರು ವಿಚಾರಿಸತಕ್ಕ ಪ್ರಶ್ನೆಯಿದು.

ಈ ಚಿತ್ರಗಳ ಬಗೆಯನ್ನು ಮೊದಲು ನೋಡಬೇಕು. ಕಲಾವಿದನು ತಾಮ್ರದ ತಗಡಿನಲ್ಲಿ ಗೆರೆಗಳನ್ನು ಮೂಡಿಸಿ, ಮಸಿ ತುಂಬಿ, ತೇವದ ಕಾಗದವನ್ನಿಟ್ಟು ಒತ್ತುವನು. ಐವತ್ತೇ ಪ್ರತಿಗಳೆಂದು ಗೊತ್ತುಮಾಡಿದ್ದರೆ, ಹನ್ನೆರಡನೆಯದರ ಅಂಚಿನಲ್ಲಿ ಸೀಸದ ಕಡ್ಡಿಯಿಂದ 12/50 ಎಂದು ಬರೆದು ಸಹಿ ಹಾಕುವನು. ಐವತ್ತೂ ಮುಗಿದ ಬಳಿಕ ತಗಡಿನ ಮೇಲೆ ಅಡ್ಡಗೆರೆಗಳನ್ನು ಕೊರೆದು ಅದನ್ನು ಕೆಡಿಸಿಬಿಡುವುದುಂಟು. ಒತ್ತಿದಷ್ಟೂ ಸೂಕ್ಷ್ಮರೇಖೆಗಳು ಸವೆಯುವುದರಿಂದ ಉತ್ತಮ ಪ್ರತಿಗಳಿಗೆ ಸಹಜವಾದ ಮಿತಿಯೊಂದಿರುವುದು ನಿಜ. ಕೊಂಡವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಪ್ರಾಮಾಣಿಕತೆಯೂ ಅದರಲ್ಲಿದೆ. ಆದರೂ ಇನ್ನೂ ಒತ್ತಬಲ್ಲ ತಗಡನ್ನು ಕೆಡಿಸುವುದರ ಫಲವಾದರೂ ಏನು? ಐವತ್ತೊಂದನೆಯವನಿಗೆ ಆ ಚಿತ್ರವು ದೊರೆಯದಿರುವುದೇ. ಹಾಲೆಂಡಿನ ರೆಂಬ್ರಾಂಟನು (1606–1669) ಹೀಗೆ ಅಂಕೆಯಿಡಲಿಲ್ಲ. ಅವನು ತೀರಿ ನೂರು ವರ್ಷಗಳಾದ ಮೇಲೆಯೂ ಅವನ ಎಷ್ಟೋ ತಗಡುಗಳಿಂದ ಪ್ರತಿಗಳನ್ನು ಒತ್ತಿದರು. ಅಂಕೆಯ ಪದ್ಧತಿಯು ರೂಢಿಗೆ ಬಂದುದು 19ನೆಯ ಶತಮಾನದ ಕೊನೆಯ ಭಾಗದಿಂದ.

ಆ ಕಾಲದವನೇ ಆದ ಇಂಗ್ಲೆಂಡಿನ ವಿಲಿಯಂ ಮಾರಿಸನ ಸಂಗತಿಯು ಇನ್ನೂ ವಿಚಾರಪ್ರದವಾದುದು. ಅವನು ಸಮಾಜವಾದಿ, ಕೈಗೆಲಸದ ಗೌರವವನ್ನು ಸಾರಿದವನು. ಕಾಯಕದ ಮಹತ್ವವನ್ನು ಬಲ್ಲವರಿಗೆ ಅವನ ನಿಲುವು ಅಪರಿಚಿತವೆನಿಸದು. 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಸ್ಥಾಪಿಸಿ, 1896ರಲ್ಲಿ ಚಾಸರ್ ಕವಿಯ ಕೃತಿಗಳನ್ನು 87 ಚಿತ್ರಗಳೊಡನೆ ಹೊರತಂದನು. ಕಾಗದದ ಪ್ರತಿಗಳು 425. ಚರ್ಮದ ಹಾಳೆಯವು 13. ಕಾಗದದ ಪ್ರತಿಗೇ 20 ಪೌಂಡು ಬೆಲೆ! ಯಾರ ಕೈಗೆಲಸವನ್ನು ಅವನು ಎತ್ತಿಹಿಡಿದನೋ ಆ ಶ್ರಮಿಕರ ಕೈಗೆ ಅದು ನಿಲುಕದಾಯಿತು. ಅದಕ್ಕಾಗಿ ಅವನನ್ನು ಕಪಟಿಯೆನ್ನುವುದು ಅನ್ಯಾಯ. ಶ್ರಮಕ್ಕೆ ತಕ್ಕ ಕೂಲಿಯನ್ನು ಕೊಟ್ಟಲ್ಲಿ ಬೆಲೆಯು ಏರದೆ ಇರದು. ಶ್ರಮಕ್ಕಾಗಿ ತೆರುವ ಬೆಲೆ ಬೇರೆ, ಇತರರ ಬಳಿ ಇಲ್ಲವೆಂಬುದಕ್ಕಾಗಿ ತೆರುವ ಬೆಲೆ ಬೇರೆ.

ಅಚ್ಚಿನ ಯಂತ್ರವೇ ಇಲ್ಲದಿದ್ದ ಕಾಲದ ಕನ್ನಡ ನಾಡಿನ ಕಡೆಗೆ ತಿರುಗಿದರೆ ಸಂಖ್ಯೆಯು ಬೇರೆಯೇ ಅರ್ಥವನ್ನು ಹೇಳುವುದು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಆಕೆ ಜೈನಧರ್ಮದವಳು, ಔದಾರ್ಯಕ್ಕೆ ಮತಭೇದವೆಲ್ಲಿಯದು? ಒಂದೊಂದು ಗರಿಯನ್ನೂ ಕಂಟದಿಂದ ಕೊರೆದು ಮಸಿ ತೀಡಬೇಕಾಗಿದ್ದ ದಿನಗಳಲ್ಲಿ ಸಾವಿರ! ಐವತ್ತೆಂಬ ಆ ಅಂಕೆಯು ಇದಕ್ಕಿಂತ ಹೆಚ್ಚು ಜನರಿಗೆ ಬೇಡವೆನ್ನುವುದು. ಈ ಸಾವಿರವು ಇಷ್ಟು ಜನರಿಗಾದರೂ ಮುಟ್ಟಲೆನ್ನುವುದು.

ಸಂಗ್ರಾಹಕರಿಲ್ಲದಿದ್ದರೆ ಎಷ್ಟೋ ಗ್ರಂಥಗಳು ಗೆದ್ದಲಿಗೆ ಆಹಾರವಾಗುತ್ತಿದ್ದುವಲ್ಲವೆ ಎಂದು ಕೆಲವರು ಶಂಕಿಸಬಹುದು. ಶಂಕೆಯು ಯುಕ್ತವೇ ಆಗಿದೆ. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ತಾಡವೋಲೆಗಳನ್ನು ಅರಸಿ ಊರೂರು ಅಲೆಯದಿದ್ದರೆ ಎಷ್ಟು ವಚನಗಳು ಇಂದು ಓದಲು ಸಿಗುತ್ತಿದ್ದುವೊ! ಆದರೆ ಅವರು ಸಂಗ್ರಹಿಸಿ ಮಾಡಿದುದೇನು? 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಒಂದೇ ಕಟ್ಟಿನಲ್ಲಿದ್ದುದು ಮನೆಮನೆಗೆ ಮುಟ್ಟಿತು. ಕಟ್ಟಿನ ಅಪೂರ್ವತೆಯು ಅಷ್ಟರಮಟ್ಟಿಗೆ ಕಡಿಮೆಯಾಯಿತು. ಬೆಲೆಯನ್ನೇ ಎಣಿಸುವ ಸಂಗ್ರಾಹಕನು ಅಂಜುವುದು ಇದಕ್ಕೇ.

ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದುಬರಲು ಕಳುಹಿದ ಕಥೆಯನ್ನು ಅರಿಯದ ಶರಣರ ಮನೆಯಿಲ್ಲ. ಅಕ್ಕಿಯಲ್ಲಿ ಹೆಚ್ಚಾದುದು ಎಷ್ಟೆಂಬುದು ಕಣ್ಣಿಗೆ ಕಾಣುವುದು. ಗ್ರಂಥದಲ್ಲಿ ಕಾಣುವುದು ಹೇಗೆ? ತಾನೂ ಓದದೆ, ಓದಬಲ್ಲವರಿಗೂ ತೋರದೆ ಬೀರುವಿನಲ್ಲಿ ಬೀಗ ಹಾಕಿದ ಗ್ರಂಥವನ್ನು ಹೆಚ್ಚಾದುದೆಂದು ಎಣಿಸಿದರೆ ತಪ್ಪಾಗಲಾರದು.

ಇಲ್ಲಿ ಕಷ್ಟವಾದ ಮಾತೊಂದಿದೆ. ಕೆಲವು ಮನೆಗಳಲ್ಲಿ ಹಿರಿಯರಿಂದ ಬಂದ ಓಲೆಯ ಕಟ್ಟನ್ನು ಜಗಲಿಯ ಮೇಲಿಟ್ಟು, ವಿಭೂತಿ ಧರಿಸಿ, ಹೂವೇರಿಸಿ ಪೂಜಿಸುವರು; ವಿದ್ವಾಂಸರು ಬಂದರೆ ದಾರವನ್ನು ಬಿಚ್ಚಗೊಡರು. ಇದು ಲೋಭವಲ್ಲ, ಭಕ್ತಿ. ಆದರೆ ಒಳಗಿನ ಅಕ್ಷರಗಳ ಪಾಲಿಗೆ ಬೀರುವಿನ ಬೀಗಕ್ಕೂ ಜಗಲಿಯ ದಾರಕ್ಕೂ ಏನು ಭೇದ? ಹಾಗೆಂದು ಕಟ್ಟನ್ನು ಬಂದ ವ್ಯಾಪಾರಿಗೆ ಮಾರುವುದೂ ತರವಲ್ಲ. ಹಳೆಯ ಭೂಪಟಗಳ ಗ್ರಂಥಗಳನ್ನು ಹರಿದು ಹಾಳೆ ಹಾಳೆಯಾಗಿ ಮಾರುವ ವ್ಯಾಪಾರವು ಪಶ್ಚಿಮದೇಶಗಳಲ್ಲಿ ಎಷ್ಟೋ ಸಂಪುಟಗಳನ್ನು ಬಲಿಗೊಂಡಿದೆ. 75 ವರ್ಷಗಳಿಗೆ ಮೀರಿದ ಮೌಲಿಕ ಹಸ್ತಪ್ರತಿಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸಕೂಡದೆಂದು 1972ರ ಪ್ರಾಚೀನವಸ್ತು ಕಾಯಿದೆಯು ವಿಧಿಸಿರುವುದು.

ಪೂಜೆಗೂ ಪ್ರಸಾರಕ್ಕೂ ವಿರೋಧವಿದ್ದ ಕಾಲವು ಈಗ ಕಳೆದಿದೆ. ಓಲೆಗಳ ಛಾಯಾಚಿತ್ರ ತೆಗೆಯಲು ಕಟ್ಟನ್ನು ಮನೆಯಿಂದ ಹೊರಗೊಯ್ಯಬೇಕಾದುದಿಲ್ಲ. ಬಲ್ಲವರನ್ನು ಕರೆಯಿಸಿ, ಮನೆಯ ಹಿರಿಯರ ಕಣ್ಣೆದುರಿಗೇ ಒಂದೊಂದು ಗರಿಯನ್ನೂ ಮೃದುವಾದ ಕುಂಚದಿಂದ ಒರೆಸಿ, ಚಿತ್ರವನ್ನು ತೆಗೆಯಿಸಿ, ಗರಿಗಳನ್ನು ಅದೇ ಕ್ರಮದಲ್ಲಿ ಪೋಣಿಸಿ, ಸಂಜೆಯ ಪೂಜೆಯ ವೇಳೆಗೆ ಕಟ್ಟನ್ನು ಜಗಲಿಯ ಮೇಲೆ ಇದ್ದಲ್ಲಿಯೇ ಇಡಬಹುದು.