ಅಂಗಾಲು ನೋಡುವವರು ಯಾರು?

"ನಮ್ಮ ವಂಶದಲ್ಲೇ ಶುಗರ್ ಇದೆ" ಎನ್ನುವ ಮಾತನ್ನು ಕೇಳದ ಮನೆ ಸಿಗುವುದು ಈಗ ಕಷ್ಟ. ಈ ಮಾತು ಒಂದೇ ಉಸಿರಿನಲ್ಲಿ ಎರಡು ಕೆಲಸ ಮಾಡುತ್ತದೆ. ಕಾಯಿಲೆಗೆ ಕಾರಣ ಹೇಳುತ್ತದೆ; ಜೊತೆಗೆ, ಇನ್ನು ನನ್ನನ್ನೇನೂ ಕೇಳಬೇಡಿ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಮೊದಲನೆಯದು ಬಹುಮಟ್ಟಿಗೆ ನಿಜ. ಅದು ನಿಜವಾದ ಮಾತ್ರಕ್ಕೆ ಎರಡನೆಯದೂ ಸರಿಯಾಗುತ್ತದೆಯೇ?

ನಾನಿರುವ ತಾರ್ನಾಕದಲ್ಲಿ ಈ ಪ್ರಶ್ನೆಯ ಎರಡೂ ತುದಿಗಳು ಹತ್ತಿರ ಹತ್ತಿರವೇ ಇವೆ. ಒಂದು ರಾಷ್ಟ್ರೀಯ ಪೋಷಣಾ ಸಂಸ್ಥೆ. 1918ರಲ್ಲಿ ಕೂನೂರಿನಲ್ಲಿ ಸಣ್ಣ ಪ್ರಯೋಗಾಲಯವಾಗಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂದದ್ದು. ಇನ್ನೊಂದು, ಉಪ್ಪಲ್ ರಸ್ತೆಯ ಸಿಸಿಎಂಬಿ. ಅಲ್ಲಿ ನಾವು ಏನು ತಿನ್ನುತ್ತೇವೆ ಎಂಬ ಲೆಕ್ಕ. ಇಲ್ಲಿ ನಾವು ಎಲ್ಲಿಂದ ಬಂದೆವು ಎಂಬ ಲೆಕ್ಕ. ಸಿಸಿಎಂಬಿಯ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ಮೊದಲಾದವರು 2009ರಲ್ಲಿ 25 ಸಮುದಾಯಗಳ 132 ಜನರ ಡಿಎನ್‌ಎ ಪರಿಶೀಲಿಸಿದ ವರದಿ ಪ್ರಕಟಿಸಿದರು. ನಮ್ಮಲ್ಲಿ ಬಹುಪಾಲು ಜನ ಎರಡು ಪ್ರಾಚೀನ ಮೂಲಗಳ ಬೆರಕೆ ಎಂಬುದು ಅದರ ಒಂದು ಮಾತು. ಗುಂಪಿನೊಳಗೇ ತಲೆತಲಾಂತರದಿಂದ ಮದುವೆಯಾಗುತ್ತ ಬಂದದ್ದರಿಂದ ಕೆಲವು ಆನುವಂಶಿಕ ಕಾಯಿಲೆಗಳು ಕೆಲವು ಗುಂಪುಗಳಲ್ಲಿ ಹೆಚ್ಚಾಗಿರಬಹುದು ಎಂಬುದು ಇನ್ನೊಂದು. ಹಾಗಾಗಿ ವಂಶ ಎನ್ನುವುದು ಬರಿಯ ನೆಪವಲ್ಲ.

ಇದರ ಅತ್ಯಂತ ಸ್ಪಷ್ಟ ಉದಾಹರಣೆ ಸಿಕ್ಕಿದ್ದು ದೂರದ ಗ್ರೀನ್‌ಲ್ಯಾಂಡಿನಲ್ಲಿ. ಅಲ್ಲಿನ ಇನ್ಯುಯಿಟ್ ಜನರಲ್ಲಿ ಟಿಬಿಸಿ1ಡಿ4 ಎಂಬ ಜೀನ್‌ನ ಒಂದು ಬದಲಾದ ರೂಪ ಸಾಮಾನ್ಯವಾಗಿದೆ ಎಂದು 2014ರಲ್ಲಿ ತಿಳಿಯಿತು. ತಂದೆ ತಾಯಿ ಇಬ್ಬರಿಂದಲೂ ಅದು ಬಂದಿದ್ದರೆ, ಊಟವಾದ ಮೇಲೆ ಸ್ನಾಯುಗಳು ರಕ್ತದ ಸಕ್ಕರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮಧುಮೇಹದ ಸಾಧ್ಯತೆ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಆದರೆ ಆ ಜೀನ್ ಹಳೆಯದು, ಕಾಯಿಲೆ ಹೊಸದು. ಸೀಲ್ ಮಾಂಸ, ಮೀನು ತಿಂದು ಬದುಕಿದ ಕಾಲದಲ್ಲಿ ಅವರಲ್ಲಿ ಮಧುಮೇಹ ಬಹಳ ಅಪರೂಪವಾಗಿತ್ತು. ಸಕ್ಕರೆಯೂ ಹಿಟ್ಟೂ ಹಡಗಿನಲ್ಲಿ ಬಂದವು. ಇಲ್ಲಿ ತಪ್ಪು ಯಾರದು? ಅಜ್ಜನ ಜೀನಿನದೋ, ಮೊಮ್ಮಗನ ನಾಲಿಗೆಯದೋ, ಹಡಗಿನದೋ?

ನಮ್ಮ ಕಥೆ ಇನ್ನೂ ತೊಡಕಿನದು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆಗಳಿದ್ದವು. ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದಿದ್ದ 500ಕ್ಕೂ ಹೆಚ್ಚು ಜನರನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಬಂತು. ಹುಟ್ಟುವಾಗ ಉದ್ದ ಕಡಿಮೆಯಿದ್ದು ಗುಂಡಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಹೆಚ್ಚು ಕಂಡಿತು. ಎಂದರೆ, ನಾವು 'ವಂಶ' ಎನ್ನುವುದರೊಳಗೆ ಜೀನ್ ಮಾತ್ರವಲ್ಲ, ಅಮ್ಮ ಬಸುರಿಯಾಗಿದ್ದಾಗಿನ ದಿನಗಳೂ ಸೇರಿರಬಹುದು. ಹುಟ್ಟಿನಿಂದ ಬಂದದ್ದು, ಬದುಕಿನಿಂದ ಬಂದದ್ದು ಎಂದು ಗೆರೆ ಎಳೆಯುವುದೇ ಕಷ್ಟವಾಗುತ್ತದೆ.

ಆ ಗೆರೆಯನ್ನು ಅರಿಸ್ಟಾಟಲ್ ಎಳೆದಿದ್ದ. ಹುಟ್ಟುಕುರುಡನನ್ನು ಯಾರೂ ದೂರುವುದಿಲ್ಲ, ಕುಡಿದು ಕಣ್ಣು ಕಳೆದುಕೊಂಡವನನ್ನು ಎಲ್ಲರೂ ದೂರುತ್ತಾರೆ ಎಂಬುದು ಅವನ ನೀತಿಶಾಸ್ತ್ರದ ಒಂದು ಉದಾಹರಣೆ. ಸಕ್ಕರೆ ಕಾಯಿಲೆಯವರು ಆ ಗೆರೆಯ ಮೇಲೇ ನಿಂತಿದ್ದಾರೆ. ಅದಕ್ಕೇ ನಮಗೆ ಅವರನ್ನು ಕಂಡರೆ ಒಮ್ಮೆ ಅಯ್ಯೋ ಪಾಪ, ಒಮ್ಮೆ "ಸ್ವೀಟ್ ಬಿಟ್ಟಿದ್ದರೆ ಆಗುತ್ತಿತ್ತಲ್ಲ". ನನಗನಿಸುವುದು, ಯಾರನ್ನು ದೂರಬೇಕು ಎಂಬ ಪ್ರಶ್ನೆಯೇ ಇಲ್ಲಿ ಕೆಲಸಕ್ಕೆ ಬಾರದ್ದು. ದೂರು ಹಿಂದಕ್ಕೆ ನೋಡುತ್ತದೆ. ಕಾಯಿಲೆ ಮುಂದಕ್ಕೆ ನಡೆಯುತ್ತಿರುತ್ತದೆ.

ಅದು ನಡೆಯುವ ದಾರಿ ನರಗಳದು. ಹೆಚ್ಚಿದ ಸಕ್ಕರೆ ವರ್ಷಗಟ್ಟಲೆ ನರಗಳನ್ನೂ ಅವುಗಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳನ್ನೂ ಹಾಳುಮಾಡುತ್ತದೆ. ಎಲ್ಲಕ್ಕಿಂತ ಉದ್ದದ ನರಗಳಿಗೆ ಮೊದಲ ಪೆಟ್ಟು, ಆದ್ದರಿಂದ ಪಾದದಿಂದ ಶುರು. ಜುಮುಜುಮು, ರಾತ್ರಿ ಉರಿ, ಆಮೇಲೆ ಮರಗಟ್ಟುವುದು. ಕೆಲವರಿಗೆ ಉರಿಯೂ ಇಲ್ಲ, ನೇರ ಮರಗಟ್ಟುವುದೇ. ಡಾಕ್ಟರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ "ಗೊತ್ತಾಯಿತಾ?" ಎಂದು ಕೇಳುತ್ತಾರೆ. ಗೊತ್ತಾಗದಿದ್ದರೆ, ಚಪ್ಪಲಿಯೊಳಗಿನ ಕಲ್ಲೂ ಗೊತ್ತಾಗುವುದಿಲ್ಲ. ನೋವಿಲ್ಲದ ಗಾಯ ಹುಣ್ಣಾಗಿ, ಕೊನೆಗೆ ಬೆರಳೋ ಪಾದವೋ ಹೋಗಬಹುದು.

ನೋವು ನಮ್ಮ ಕಾವಲುಗಾರ. ಅದು ಕೆಲಸ ಬಿಟ್ಟಮೇಲೆ ಕಣ್ಣು ಆ ಕೆಲಸ ಮಾಡಬೇಕು: ದಿನವೂ ಅಂಗಾಲು ನೋಡಿಕೊಳ್ಳಬೇಕು. ಎಪ್ಪತ್ತು ದಾಟಿದ, ಮಂಡಿ ಬಗ್ಗದ, ದೃಷ್ಟಿ ಮಂದವಾದ ಮನುಷ್ಯ ತನ್ನ ಅಂಗಾಲು ತಾನೇ ನೋಡಿಕೊಳ್ಳಲಾರ. ಇಲ್ಲಿ ಹೊಣೆ ಎನ್ನುವುದು ಒಬ್ಬನ ದೇಹದ ಗಡಿ ದಾಟುತ್ತದೆ. ನನಗೆ ತಿಳಿಯದ ನನ್ನ ಗಾಯಕ್ಕೆ ಇನ್ನೊಬ್ಬರು ಹೊಣೆಯಾಗಬೇಕಾಗುತ್ತದೆ. ಅವರು ದೂರುವವರಾಗಿದ್ದರೆ ನಾನು ಕಾಲನ್ನು ಮುಚ್ಚಿಟ್ಟುಕೊಳ್ಳುತ್ತೇನೆ. "ನೀವೇ ತಿಂದಿದ್ದು" ಎಂಬ ಮಾತು ಸತ್ಯವಾಗಿದ್ದಾಗಲೂ ಹುಣ್ಣನ್ನು ಬಚ್ಚಿಡಿಸುತ್ತದೆ. "ಎಲ್ಲ ವಂಶದ ಹಣೆಬರಹ" ಎಂಬ ಮಾತೂ ಅಷ್ಟೇ, ಅದು ನೋಡುವವರ ಕಣ್ಣನ್ನೇ ಮುಚ್ಚಿಸುತ್ತದೆ.

ಊರು ಬಿಟ್ಟು ಬಂದ ನಮಗೆ ಇದು ಬರಿಯ ತತ್ವವಲ್ಲ. ತಿಂಗಳ ಮಾತ್ರೆಗೆ ದುಡ್ಡು ಕಳಿಸುತ್ತೇವೆ, ಫೋನಿನಲ್ಲಿ ಶುಗರ್ ಎಷ್ಟಿದೆ ಎಂದು ಕೇಳುತ್ತೇವೆ. ಆ ಸಂಖ್ಯೆಯಲ್ಲಿ ಅಂಗಾಲು ಕಾಣುವುದಿಲ್ಲ. ವಂಶ ಎಂದರೆ ಹಿಂದಿನವರಿಂದ ನಮಗೆ ಬಂದದ್ದು ಮಾತ್ರ ಎಂದುಕೊಂಡಿದ್ದೇವೆ; ನಾವು ಹಿಂದಿನವರಿಗೆ ಕೊಡಬೇಕಾದದ್ದೂ ಅದರೊಳಗಿದೆ. ಹಬ್ಬಕ್ಕೆ ಊರಿಗೆ ಹೋದಾಗ ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದು ನಮ್ಮ ರೂಢಿ. ಬಗ್ಗಿದ್ದೇವೆ, ಕೈ ಪಾದದ ಹತ್ತಿರವೇ ಇದೆ. ಒಂದು ಮಣೆ ಎಳೆದುಕೊಂಡು ಕೂತು, ಪಾದ ಎತ್ತಿ, ಬೆರಳ ಸಂದಿಯನ್ನೂ ಹಿಮ್ಮಡಿಯನ್ನೂ ಬೆಳಕಿನಲ್ಲಿ ನೋಡುವುದಕ್ಕೆ ಇನ್ನೆರಡು ನಿಮಿಷ ಸಾಕು.