ದಯೆಯ ಬೆಲೆ

ದಯೆಯನ್ನು ವಿಧಿಸುವವನು ಒಬ್ಬ, ಅದರ ವೆಚ್ಚವನ್ನು ತೆರುವವನು ಮತ್ತೊಬ್ಬ ಎಂದಾದರೆ, ಆ ದಯೆಯ ಪುಣ್ಯವು ಯಾರಿಗೆ ಸಲ್ಲತಕ್ಕದ್ದು? ಬ್ರಿಟನ್ನಿನ ಹಂದಿಸಾಕಣೆಯ ಚರಿತ್ರೆಯು ಈ ಪ್ರಶ್ನೆಯನ್ನು ಮುಂದಿಡುತ್ತದೆ.

ಗಬ್ಬವಾದ ಹಂದಿಯನ್ನು, ಅದು ತಿರುಗಿ ನಿಲ್ಲಲೂ ಆಗದಂತಹ ಕಬ್ಬಿಣದ ಕಟಕಟೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕುವ ಪದ್ಧತಿಯು ಅಲ್ಲಿಯೂ ಇದ್ದಿತು. 1999ರಲ್ಲಿ ಶಾಸನವು ಅದನ್ನು ನಿಲ್ಲಿಸಿತು. ಯೂರೋಪಿನ ಒಕ್ಕೂಟವು ಇಂತಹ ನಿಷೇಧವನ್ನು ಪೂರ್ಣವಾಗಿ ಜಾರಿಗೆ ತಂದುದು 2013ರಲ್ಲಿ. ಅದೂ ಗರ್ಭದ ಮೊದಲ ನಾಲ್ಕು ವಾರಗಳನ್ನು ಹೊರತುಪಡಿಸಿ. ಬ್ರಿಟಿಷ್ ರೈತನು ತನ್ನ ಕೊಟ್ಟಿಗೆಗಳನ್ನು ಮಾರ್ಪಡಿಸಿದ್ದನು; ನಡುವಣ ವರ್ಷಗಳಲ್ಲಿ ಅಂಗಡಿಗಳಿಗಾದರೋ ಅಂತಹ ಕಟಕಟೆಗಳಿದ್ದ ಹೊರದೇಶಗಳ ಅಗ್ಗದ ಮಾಂಸವು ಬರುತ್ತಲೇ ಇದ್ದಿತು. ಬೆಲೆಯ ಕುಸಿತವೂ ಪಶುರೋಗಗಳೂ ಇದರೊಡನೆ ಸೇರಿ, ಹತ್ತಾರು ವರ್ಷಗಳಲ್ಲಿ ಅಲ್ಲಿಯ ತಾಯಿಹಂದಿಗಳ ಸಂಖ್ಯೆಯು ಸುಮಾರು ಅರ್ಧಕ್ಕೆ ಇಳಿಯಿತು.

ಹಾಗಾದರೆ ಶಾಸನವೇ ತಪ್ಪೆ? ಅಲ್ಲ. ನೆರೆಯವನು ಕ್ರೂರಿಯೆಂಬ ಕಾರಣದಿಂದ ತನ್ನ ಕ್ರೌರ್ಯವು ನ್ಯಾಯವಾಗದು. ಆ ಶಾಸನವೂ ಅಪೂರ್ಣವೇ. ಹಂದಿಯು ಈಯುವ ಕಾಲದ ಪಂಜರವನ್ನು ಅದು ಮುಟ್ಟಲಿಲ್ಲ. ಆದರೂ ತನ್ನ ಅಂಗಳದಲ್ಲಿ ಕೂಡದೆಂದ ಹಿಂಸೆಯನ್ನು ಪರರ ಅಂಗಳದಿಂದ ಕೊಂಡು ಉಣ್ಣುವವನು ಹಿಂಸೆಯನ್ನು ತೊರೆದವನಲ್ಲ. ಕಣ್ಮರೆಗೆ ಸರಿಸಿದವನು ಮಾತ್ರ. ಕೈ ಬಿಗಿಯಾದ ಬಡವನು ಅಗ್ಗವಾದುದನ್ನು ಆರಿಸಿದರೆ ಅವನನ್ನು ದೂಷಿಸಲಾಗದು. ಆದುದರಿಂದ ಹೊಣೆಯು ಶಾಸನಮಾಡಿದ ಸಮಾಜದ್ದೇ. ರೈತನಿಗೆ ಹಾಕಿದ ಕಟ್ಟಳೆಯು ಬಂದರಿನಲ್ಲಿಳಿಯುವ ಸರಕಿಗೂ ಅನ್ವಯಿಸಬೇಕು. ಇಲ್ಲವೇ ರೈತನ ನಷ್ಟದಲ್ಲಿ ಎಲ್ಲರೂ ಪಾಲುಗೊಳ್ಳಬೇಕು. ಪರರ ಗಂಟಿನಿಂದ ಮಾಡಿದ ದಾನವು ದಾನವಲ್ಲ, ದಯೆಯೂ ಹಾಗೆಯೇ.